ಲೆನರ್ಡನ ಬೆನ್ನು

ವಾಲ್ಟರ್ ಪೊಸ್ನಿಕಾಫ್‌ನಿಗೆ ಅವತ್ತು ಬೆನ್ನು ಹಿಡಿದದ್ದು ಒಂದು ಫೋನಿನಿಂದ.

ಫೋನು ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ರಾತ್ರಿಯಿಡೀ ಹಿಮ ಸುರಿದು, ಲಾರ್ಚ್ ಕ್ರೀಕ್ ಊರಿನ ಕಾರುಗಳೆಲ್ಲ ಮೈದಾಹಿಟ್ಟಿನಲ್ಲಿ ಹೊರಳಿಸಿಟ್ಟ ಉಂಡೆಗಳ ಹಾಗೆ ಬೀದಿಯುದ್ದಕ್ಕೂ ಕೂತಿದ್ದವು.

"ವಾಲ್ಟರ್, ನಾನು ಮೇವ್, ಸ್ನೋಕ್ಯಾಟ್ ಗೈಡು. ಯಾರಾದ್ರೂ ತಪ್ಪಿಸಿಕೊಂಡ್ರೆ ನಂಗೆ ಹೇಳು ಅಂತಿದ್ಯಲ್ಲ, ಒಬ್ಬರು ತಪ್ಪಿಸಿಕೊಂಡಿದಾರೆ. ಅರ್ಧ ದುಡ್ಡಿಗೆ ಸೀಟು. ಮೇಲೆ ಸೊಂಟದ ತನಕ ಹೊಸ ಹಿಮ. ಬರ್ತೀಯೋ, ಬೇರೆಯವರಿಗೆ ಕೊಡಲೋ?"

"ಬಂದೆ!" ಅಂದ ವಾಲ್ಟರ್. ಅಂದಮೇಲೆ ನೆನಪಾಯಿತು, ಅವತ್ತು ಅಂಗಡಿಗೆ ತರಕಾರಿ ಲಾರಿ ಬರುವ ದಿನ.

ಊರಿನ ಸಹಕಾರಿ ಅಂಗಡಿಯಲ್ಲಿ ತರಕಾರಿ ವಿಭಾಗ ವಾಲ್ಟರನದು. ಎಷ್ಟೋ ವರ್ಷಗಳಿಂದ ಎಲೆಕೋಸಿನ ಮೇಲೆ ನೀರು ಚಿಮುಕಿಸುತ್ತ, ಕಿಟಕಿಯಾಚೆಯ ಬೆಟ್ಟಗಳನ್ನು ನೋಡುತ್ತ ಬಂದವನು ಅವನು. ಸ್ನೋಕ್ಯಾಟ್ ಎಂದರೆ ಬುಲ್ಡೋಜರಿನಂಥ ಹಿಮದ ಗಾಡಿ, ಅದರ ಬೆನ್ನಿಗೊಂದು ಡಬ್ಬಿ, ಡಬ್ಬಿಯೊಳಗೆ ಕೂತವರು ಯಾರೂ ತುಳಿಯದ ನೆತ್ತಿಗೆ ಹೋಗಿ, ಅಲ್ಲಿಂದ ಸ್ಕೀ ಮೇಲೆ ಹೂವು ಜಾರಿದ ಹಾಗೆ ಜಾರಿ ಬರುತ್ತಾರೆ. ಅಂಥದ್ದೊಂದು ದಿನ ತನಗೂ ಬರಲಿ ಎಂದು ಕಾದಿದ್ದ. ಬಂದಿದೆ. ಕೋಸಿಗಾಗಿ ಅದನ್ನು ಬಿಡುವುದುಂಟೆ?

ಅಂಗಡಿಯ ಮ್ಯಾನೇಜರ್ ಡೆಲ್ಫೀನ್ ಮಾರ್ಕಮ್‌ಗೆ ಫೋನು ಮಾಡಿ, ಬಾಗಿಲಿನ ಸಂದಿಗೆ ಬೆರಳು ಸಿಕ್ಕವನ ದನಿಯಲ್ಲಿ ಹೇಳಿದ: "ಮೇಡಂ, ಬೆನ್ನು ಹಿಡ್ಕೊಂಡ್ಬಿಟ್ಟಿದೆ. ಹಾಸಿಗೆಯಿಂದ ಏಳಕ್ಕೇ ಆಗ್ತಿಲ್ಲ."

ಆ ಕಡೆ ಒಂದು ಗಳಿಗೆ ಮೌನ. "ಇವತ್ತಾ?" ಎಂದಳು ಡೆಲ್ಫೀನ್. ಆಮೇಲೆ ಒಂದು ನಿಟ್ಟುಸಿರು. "ಇರ್ಲಿ ಬಿಡಿ ವಾಲ್ಟರ್. ನೀವು ಅಲ್ಲಾಡ್ಬೇಡಿ, ಮಲಗಿ. ಲಾರಿ ನಾನು ನೋಡ್ಕೋತೀನಿ."

ಬೈದಿದ್ದರೆ ಸುಖವಾಗಿತ್ತು. ಆದರೂ ಸ್ಕೀಗಳನ್ನು ಹೆಗಲಿಗೇರಿಸಿ, ಹಾಸಿಗೆಯಿಂದ ಏಳಲಾಗದ ಮನುಷ್ಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದ.

ಬೆಟ್ಟದ ಬುಡದಲ್ಲಿ ಸ್ನೋಕ್ಯಾಟ್ ಗುರುಗುಡುತ್ತ ನಿಂತಿತ್ತು. ವಾಲ್ಟರ್ ಡಬ್ಬಿಯ ಮೂಲೆಯ ಸೀಟು ಹಿಡಿದು, ಹೆಲ್ಮೆಟ್ ಬಿಚ್ಚಬೇಕು ಎನ್ನುವಷ್ಟರಲ್ಲಿ ಬಾಗಿಲು ತೆರೆದು ಒಳಗೆ ಬಂದವನನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

ಗೇಬ್ರಿಯೆಲ್ ಟೊನ್ಯೊಟ್ಟಿ. ಬೆನ್ನು, ಭುಜ, ಮಂಡಿ ತಿಕ್ಕಿ ಸರಿಮಾಡುವ ಊರಿನ ಫಿಸಿಯೋ. ವಾಲ್ಟರನ ಹಿಂದಿನ ಬೀದಿಯವನು. ಅವನ ಕಿವಿಗೆ ಬಿದ್ದ ಸುದ್ದಿ ಬೇಕರಿಗೆ ತಲುಪಲು ಒಂದು ಕಾಫಿ ಆರುವಷ್ಟು ಹೊತ್ತೂ ಬೇಡ.

ವಾಲ್ಟರ್ ಕತ್ತಿನ ಬಟ್ಟೆಯನ್ನು ಮೂಗಿನವರೆಗೆ ಎಳೆದ, ಅಗಲವಾದ ಸ್ಕೀ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದ. ಈಗ ಅವನ ಮುಖವಾಗಿ ಉಳಿದದ್ದು ಎರಡು ರೆಪ್ಪೆ ಅಗಲದ ಚರ್ಮ ಮಾತ್ರ. ಗೇಬ್ರಿಯೆಲ್ ನೇರವಾಗಿ ಬಂದು ಅವನ ಎದುರಿಗೇ, ಮಂಡಿಗೆ ಮಂಡಿ ತಾಗಿಸಿ ಕೂತ. ಪಕ್ಕದಲ್ಲಿ ಒಂದು ಸೀಟು ಖಾಲಿಯಿತ್ತು.

"ಎಲ್ಲರೂ ಒಂದ್ಸಲ ಹೆಸರು ಹೇಳ್ಬಿಡಿ. ಮೇಲೆ ಯಾರಾದ್ರೂ ಹಿಮದಲ್ಲಿ ಹೂತ್ಹೋದ್ರೆ ಕೂಗಕ್ಕೆ ಬೇಕು," ಎಂದಳು ಮೇವ್ ಬಾಗಿಲಲ್ಲಿ ನಿಂತು.

ಸರದಿ ವಾಲ್ಟರನಿಗೆ ಬಂತು. "ಲೆನರ್ಡ್," ಎಂದ, ಗಂಟಲು ಕಟ್ಟಿದವನ ಹಾಗೆ. ಆ ಹೆಸರು ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. "ರೆಜೈನಾದಿಂದ."

ಮೇವ್ ಅವನ ಹಳೇ ಹಸಿರು ಜಾಕೆಟ್ಟನ್ನೊಮ್ಮೆ ನೋಡಿದಳು, ಹುಬ್ಬು ಏರಿಸಿದಳು. ಬಾಗಿಲು ಮುಚ್ಚುವ ನೆಪದಲ್ಲಿ ಅವನ ಕಿವಿಯ ಹತ್ತಿರ ಬಾಗಿ, "ಗಾಬರಿ ಬೇಡ. ಹಿಮ ಬಿದ್ದ ದಿನ ಅರ್ಧ ಊರು ಹಿಂಗೇ ಬರತ್ತೆ," ಎಂದಳು.

"ರೆಜೈನಾನಾ?" ಗೇಬ್ರಿಯೆಲ್‌ಗೆ ಖುಷಿಯೋ ಖುಷಿ. "ಅಲ್ಲಿ ನೆಲ ಚಪಾತಿ ಮಣೆ ಥರ ಇದೆಯಲ್ರೀ! ಒಂದು ದಿಬ್ಬ ಇಲ್ಲ. ಸ್ಕೀ ಎಲ್ಲಿ ಕಲಿತ್ರಿ, ಮೇಜಿನ ಮೇಲಾ?"

ಲೆನರ್ಡ್ ಕೆಮ್ಮಿದ. ಗಂಟಲು ತೋರಿಸಿ, ಮಾತಾಡಲಾಗುವುದಿಲ್ಲ ಎಂದು ಕೈಯಾಡಿಸಿದ.

"ಅಯ್ಯೋ, ಮಾತಾಡ್ಬೇಡಿ, ನಾನೇ ಮಾತಾಡ್ತೀನಿ," ಎಂದು ಗೇಬ್ರಿಯೆಲ್ ಕೊಟ್ಟ ಮಾತಿಗೆ ತಪ್ಪದೆ ನಡೆದುಕೊಂಡ. ಗಾಡಿ ಮೊದಲ ತಿರುವು ದಾಟುವ ಮೊದಲೇ ಖಾಲಿ ಸೀಟಿನ ಮೇಲೆ ಕೈಯಿಟ್ಟು ಹೇಳಿದ: "ಇದು ಯಾರದ್ದು ಗೊತ್ತಾ? ನಮ್ಮ ಡೆಲ್ಫೀನ್‌ದು. ಪಾಪ, ಹೋದ ಚಳಿಗಾಲದಿಂದ ಕಾದಿದ್ಲು. ಬೆಳಿಗ್ಗೆ ಹೊರಡೋ ಹೊತ್ತಿಗೆ ಅಂಗಡಿಯವನೊಬ್ಬ ಬೆನ್ನು ಹಿಡ್ಕೊಳ್ತು ಅಂತ ಫೋನ್ ಮಾಡಿದ್ನಂತೆ. ಲಾರಿ ಇಳಿಸಕ್ಕೆ ಜನ ಇಲ್ಲ, ಇವಳೇ ನಿಂತ್ಲು."

ವಾಲ್ಟರನಿಗೆ ಆ ಫೋನಿನ ಮೌನದ ಅರ್ಥ ಈಗ ಆಯಿತು. ಡಬ್ಬಿಯೊಳಗಿದ್ದವರೆಲ್ಲ ಒಟ್ಟಾಗಿ ಆ ಅಂಗಡಿಯವನನ್ನು ಬೈಯತೊಡಗಿದರು. "ಬೆನ್ನೂ ಇಲ್ಲ ಗಿನ್ನೂ ಇಲ್ಲ, ಕುಡಿದು ಬಿದ್ದಿರ್ತಾನೆ," ಎಂದಳೊಬ್ಬಳು.

"ಛೆ ಛೆ, ವಾಲ್ಟರ್ ಅಂಥವನಲ್ಲ," ಎಂದ ಗೇಬ್ರಿಯೆಲ್. "ಸುಳ್ಳು ಹೇಳಕ್ಕೂ ಬುದ್ಧಿ ಬೇಕಲ್ಲ. ಸಂಜೆ ಇಳಿದವನೇ ಸೀದಾ ಅವನ ಮನೆಗೆ ಹೋಗಿ ಬೆನ್ನು ನೋಡ್ತೀನಿ. ಡೆಲ್ಫೀನ್‌ಗೆ ಮಾತು ಕೊಟ್ಟಿದೀನಿ."

ಕನ್ನಡಕದೊಳಗೆ ವಾಲ್ಟರನಿಗೆ ಬೆವರು ಇಳಿಯಿತು. ಗಾಜು ಮಬ್ಬಾಗಿ ಲೋಕವೆಲ್ಲ ಗಂಜಿಯ ಬಣ್ಣವಾಯಿತು.

ನೆತ್ತಿಯಲ್ಲಿ ಇಳಿದ ಮೇಲೆ ಮೊದಲು ಬೀಕನ್ ಅಭ್ಯಾಸ. ಹಿಮಕುಸಿತದಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಹುಡುಕಲು ಎಲ್ಲರ ಎದೆಗೂ ಕಟ್ಟಿದ ಪುಟ್ಟ ಯಂತ್ರ ಅದು. ಮೇವ್ ಒಂದು ಬೀಕನ್ನನ್ನು ಹಿಮದಲ್ಲಿ ಹೂತು, "ಎಲ್ಲರೂ 'ಹುಡುಕು' ಅನ್ನೋದಕ್ಕೆ ತಿರುಗಿಸಿ. ಹ್ಞಾಂ, ಹುಡುಕಿ!" ಎಂದಳು. ಮಬ್ಬುಗಣ್ಣಿನ ವಾಲ್ಟರ್ ತಿರುಗಿಸುವುದನ್ನು ಮರೆತ. ಅವನ ಬೀಕನ್ 'ಇಲ್ಲಿದ್ದೇನೆ, ಇಲ್ಲಿದ್ದೇನೆ' ಎಂದು ಕೂಗುತ್ತಲೇ ಇತ್ತು. ತಂಡದವರೆಲ್ಲ ಯಂತ್ರ ಮುಂದೆ ಹಿಡಿದು, ಉದ್ದುದ್ದ ಕೋಲು ಎತ್ತಿ, ಬೆಲ್ಲ ಕಂಡ ಇರುವೆಗಳ ಹಾಗೆ ಅವನತ್ತ ಬಂದು ಸುತ್ತುವರಿದರು. ಗೇಬ್ರಿಯೆಲ್ ಅವನ ಎದೆಗೆ ಬೀಕನ್ ತಾಗಿಸಿ, "ಸಿಕ್ಕಿದ!" ಎಂದು ಕಿರುಚಿದ.

ಇಡೀ ದೇಶದಲ್ಲಿ ಯಾರ ಕಣ್ಣಿಗೂ ಬೀಳಬಾರದು ಎಂದುಕೊಂಡವನನ್ನು ಹೀಗೆ ಹನ್ನೊಂದು ಯಂತ್ರಗಳು ಬೆರಳು ಮಾಡಿ ತೋರಿಸಿದವು.

ಆದರೆ ಸ್ಕೀ ಶುರುವಾದಾಗ ಬೇರೆಯೇ ಒಂದು ಸಂಗತಿ ನಡೆಯಿತು. ವಾಲ್ಟರ್ ಸುಮಾರಾಗಿ ಸ್ಕೀ ಮಾಡುವವನು. ಊರಿನ ಇಳಿಜಾರಿನಲ್ಲಿ ಅವನು ಬಿದ್ದಾಗೆಲ್ಲ ನೋಡಿದವರು ನಕ್ಕು, ಮಾರನೆಯ ದಿನ ಟೊಮೇಟೊ ಕೊಳ್ಳುವಾಗಲೂ ನೆನಪಿಸುತ್ತಿದ್ದರು. ಇಲ್ಲಿ ಜಾರುತ್ತಿದ್ದವನು ಲೆನರ್ಡ್. ಅವನು ಬಿದ್ದದ್ದನ್ನು ನೋಡಿದವರು ಯಾರೂ ಇಲ್ಲ. ಮೊದಲ ಇಳಿಜಾರಿನಲ್ಲಿ ಬಿಗಿದಿದ್ದ ಮಂಡಿ ಸಡಿಲವಾಯಿತು. ಎರಡನೆಯದರಲ್ಲಿ ಉಸಿರು ಸಡಿಲವಾಯಿತು.

ಮಧ್ಯಾಹ್ನ ಗಾಡಿಯೊಳಗೆ ಬಿಸಿ ಸೂಪು. ಲೆನರ್ಡ್ ಗೋಡೆಗೆ ಮುಖಮಾಡಿ, ಬಟ್ಟೆಯನ್ನು ಚಮಚದಷ್ಟೇ ಎತ್ತಿ, ಅರ್ಧ ಬಾಯಿಗೆ ಅರ್ಧ ಕತ್ತಿಗೆ ಕುಡಿದ. ಆಗ ಹಿಂದಿನಿಂದ ಒಂದು ಕೈ ಅವನ ಬೆನ್ನೆಲುಬಿನ ಮೇಲೆ ಪಿಯಾನೋ ನುಡಿಸಿತು.

"ಇಲ್ಲಿ ನೋಡ್ರಪ್ಪ!" ಗೇಬ್ರಿಯೆಲ್ ಎಲ್ಲರನ್ನೂ ಕರೆದ. "ಬೆನ್ನು ಅಂದ್ರೆ ಹಿಂಗಿರ್ಬೇಕು. ಎಷ್ಟು ನೆಟ್ಟಗಿದೆ, ಎಷ್ಟು ಮೆತ್ತಗಿದೆ! ನಮ್ಮ ವಾಲ್ಟರ್‌ದೂ ಇದೆ ಒಂದು ಬೆನ್ನು. ದೂರದಿಂದ ನೋಡಿದ್ರೇ ಗೊತ್ತಾಗತ್ತೆ, ಮುರಿದ ಛತ್ರಿ. ಲೆನರ್ಡ್, ನಿಮ್ಮ ಬೆನ್ನು ಒಂದಿನ ಅವನಿಗೆ ಸಾಲ ಕೊಡಿ!"

ಎಲ್ಲರೂ ನಕ್ಕರು. ಸೂಪು ನೆತ್ತಿಗೇರಿ ಲೆನರ್ಡ್ ಕೂಡ ನಕ್ಕ ಹಾಗೆ ಕೇಳಿಸಿತು.

ಕೊನೆಯ ಇಳಿಜಾರಿಗೆ ಮೇವ್ ಅವರನ್ನು ಸೀಡರ್ ಮರಗಳ ನಡುವಿನ ಉದ್ದನೆಯ ಓಣಿಗೆ ಕರೆತಂದಳು. "ಲೆನರ್ಡ್, ನೀನು ಮೊದಲು," ಎಂದಳು.

ಅವನು ಹೊರಟ. ಹಿಮ ಎದೆಯವರೆಗೆ ಎದ್ದು, ಹೆಗಲ ಮೇಲಿಂದ ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ಎಡಕ್ಕೆ ಬಾಗಿದರೆ ಬೆಟ್ಟವೂ ಎಡಕ್ಕೆ ಬಾಗಿತು. ಬಲಕ್ಕೆ ಬಾಗಿದರೆ ಬಲಕ್ಕೆ. ಕೋಸು, ಲಾರಿ, ಡೆಲ್ಫೀನಳ ನಿಟ್ಟುಸಿರು ಎಲ್ಲ ಅವನಿಂದ ಉದುರಿಹೋದವು. ಕಾಲು ಎಲ್ಲಿ ಮುಗಿಯಿತು, ಹಿಮ ಎಲ್ಲಿ ಶುರುವಾಯಿತು ಎಂಬುದೂ ತಿಳಿಯಲಿಲ್ಲ. ಕೆಳಗೆ ನಿಂತು ತಿರುಗಿ ನೋಡಿದಾಗ, ಇಡೀ ಓಣಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಗೆರೆ, ಬಳ್ಳಿಯ ಹಾಗೆ ಬಳುಕಿ ಬಳುಕಿ ಬಂದಿತ್ತು. ಅದನ್ನು ಬರೆದವನು ತಾನೇ ಎಂದು ನಂಬಲು ವಾಲ್ಟರನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಕನ್ನಡಕ ಅಡ್ಡಬಂತು.

"ಲೆ-ನ-ರ್ಡ್! ಲೆ-ನ-ರ್ಡ್!" ಎಂದು ಮೇಲಿನಿಂದ ಎಲ್ಲರೂ ಕೂಗಿದರು. ಗೇಬ್ರಿಯೆಲ್ ಇಳಿದು ಬಂದವನೇ ಅಪ್ಪಿಕೊಂಡ. "ಮಾರಾಯ! ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ!"

ಬೆಟ್ಟದ ಬುಡ ತಲುಪಿದ್ದೇ ತಡ, ವಾಲ್ಟರ್ ಯಾರಿಗೂ ಹೇಳದೆ ತನ್ನ ಪಿಕಪ್ ಕಡೆಗೆ ಓಡಿದ. ಸ್ಕೀ ಬೂಟಿನ ಕೊಂಡಿಗಳು ಮಂಜುಗಟ್ಟಿ ಬಿಚ್ಚಲಿಲ್ಲ. ಬೂಟಿನಲ್ಲೇ ಗಾಡಿ ಓಡಿಸಿದ. ಬ್ರೇಕು ತುಳಿದದ್ದು ಕಾಲಿಗೆ ಗೊತ್ತಾಗುತ್ತಿರಲಿಲ್ಲ, ಗಾಡಿಗೆ ಮಾತ್ರ ಗೊತ್ತಾಗುತ್ತಿತ್ತು. ಹಿಂದಿನ ಓಣಿಯಲ್ಲಿ ಪಿಕಪ್ ನಿಲ್ಲಿಸಿ, ಸ್ಕೀಗಳನ್ನು ಹಿಮದ ರಾಶಿಗೆ ತುರುಕಿ ಅಡಿಗೆಮನೆಯ ಕಿಟಕಿಯಲ್ಲಿ ಇಣುಕಿದರೆ, ಒಳಗೆ ದೀಪ ಉರಿಯುತ್ತಿದೆ!

ಪಕ್ಕದ ಮನೆಯ ಪಾಲಿ ಅಜ್ಜಿ. ಅವಳ ಹತ್ತಿರ ಮನೆಯ ಇನ್ನೊಂದು ಬೀಗದಕೈ ಇತ್ತು. ಸುದ್ದಿ ಕೇಳಿ ದೊಡ್ಡ ಪಾತ್ರೆಯಲ್ಲಿ ಬೋರ್ಷ್ ಸಾರು ತಂದು, ಮಲಗುವ ಕೋಣೆಯ ಬಾಗಿಲು ಮುಚ್ಚಿದ್ದು ನೋಡಿ, ಮಗು ವಾಲ್ಟರ್ ಮಲಗಿದ್ದಾನೆ ಎಂದುಕೊಂಡು, ಮಧ್ಯಾಹ್ನದಿಂದ ಕಾಲುಚೀಲ ಹೆಣೆಯುತ್ತ ಕಾವಲು ಕೂತಿದ್ದಳು.

ವಾಲ್ಟರ್ ಮಲಗುವ ಕೋಣೆಯ ಕಿಟಕಿಯನ್ನು ಎತ್ತಿದ. ಮೊದಲು ತಲೆ, ಆಮೇಲೆ ಹೊಟ್ಟೆ, ಆಮೇಲೆ ಬಹಳ ಹೊತ್ತು ಹೊಟ್ಟೆಯೇ, ಕೊನೆಗೆ ಬೂಟು. ಅಷ್ಟರಲ್ಲಿ ಅಡಿಗೆಮನೆಯಿಂದ ಗೇಬ್ರಿಯೆಲ್‌ನ ಮಾತು ಕೇಳಿಸತೊಡಗಿತ್ತು. ಜಾಕೆಟ್ ಮಂಚದ ಕೆಳಗೆ ತಳ್ಳಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಳ್ಳುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಬಂದವರು ಮೂವರು. ಪಾಲಿ ಅಜ್ಜಿ, ಎಣ್ಣೆಯ ಬಾಟಲಿ ಹಿಡಿದ ಗೇಬ್ರಿಯೆಲ್, ಕಿತ್ತಳೆಹಣ್ಣಿನ ಚೀಲ ಹಿಡಿದ ಡೆಲ್ಫೀನ್.

"ಅಯ್ಯೋ ಮಗಾ, ಮುಖ ನೋಡು, ಕೆಂಡ ಆಗಿದೆ! ಮೈಯೆಲ್ಲ ಬೆವರು!" ಎಂದಳು ಅಜ್ಜಿ.

ಗೇಬ್ರಿಯೆಲ್ ಅವನನ್ನು ಮಗ್ಗುಲಾಗಿಸಿ ಬೆನ್ನಿನ ಮೇಲೆ ಬೆರಳಾಡಿಸಿದ. ನಾಲಿಗೆ ಲೊಚಗುಟ್ಟಿದ. "ಇದು ಬೆನ್ನಾ? ಇವತ್ತು ಮಧ್ಯಾಹ್ನವಷ್ಟೇ ಒಂದು ಬೆನ್ನು ಮುಟ್ಟಿ ಬಂದಿದೀನಿ, ದೇವರೇ ಕೂತು ಕೆತ್ತಿದ ಹಾಗಿತ್ತು. ಇದು ನೋಡಿ, ಸೌದೆ ರಾಶಿ."

ಡೆಲ್ಫೀನ್ ಮಂಚದ ಅಂಚಿನಲ್ಲಿ ಕೂತು ಕಿತ್ತಳೆ ಸುಲಿದಳು. ಕೈಯಲ್ಲಿ ಪೆಟ್ಟಿಗೆಗಳ ತರಚು ಗಾಯ. "ಅಂಗಡಿ ಯೋಚನೆ ಬಿಡಿ ವಾಲ್ಟರ್. ಎಲ್ಲ ನಾನೇ ಇಳಿಸಿದೆ. ನನಗೇನೋ ಒಂದು ಚಿಕ್ಕ ಕೆಲಸ ಇತ್ತು, ಅದು ಇನ್ನೊಂದಿನ ಆಗತ್ತೆ," ಎಂದು ಒಂದು ತೊಳೆ ಅವನ ಬಾಯಿಗಿಟ್ಟಳು.

ವಾಲ್ಟರ್ ಆ ತೊಳೆಯನ್ನು ಬಾಯಿಂದ ತೆಗೆದು ಎದ್ದು ಕೂತ.

"ಮೇಡಂ, ನನ್ನ ಬೆನ್ನಿಗೆ ಏನೂ ಆಗಿಲ್ಲ. ನಾನು ಸುಳ್ಳು ಹೇಳಿದೆ. ಇವತ್ತು ಸ್ನೋಕ್ಯಾಟಿನಲ್ಲಿದ್ದೆ. ಗೇಬ್ರಿಯೆಲ್, ಆ ಲೆನರ್ಡ್ ನಾನೇ!"

ಗೇಬ್ರಿಯೆಲ್ ಮೆಲ್ಲಗೆ ಅವನ ಹಣೆ ಮುಟ್ಟಿದ. "ತಲೆಗೇರಿದೆ," ಎಂದ ಡೆಲ್ಫೀನ್ ಕಡೆ ತಿರುಗಿ. "ನಾನು ಲೆನರ್ಡ್ ಜೊತೆ ದಿನವಿಡೀ ಮಂಡಿಗೆ ಮಂಡಿ ತಾಗಿಸಿ ಕೂತಿದ್ದೆ. ಅವನು ಇವನಿಗಿಂತ ಒಂದು ಗೇಣು ಎತ್ತರ."

"ಆ ಕೊನೆಯ ಇಳಿಜಾರು! ಸೀಡರ್ ಮರದ ಓಣಿ! ಅದು ನಾನು ಕಣೋ!"

"ನಾನು ಹೇಳಿದ ಕತೆ ಇದು. ಬಂದ ಕೂಡ್ಲೇ ಅಡಿಗೆಮನೇಲಿ ಹೇಳ್ತಿದ್ನಲ್ಲ, ಕೇಳಿಸ್ಕೊಂಡಿದಾನೆ, ಪಾಪ. ನೋಡು ವಾಲ್ಟರ್, ಬೇಜಾರು ಮಾಡ್ಕೋಬೇಡ. ನೀನು ಒಳ್ಳೆಯವನು. ಆದ್ರೆ ಆ ಗೆರೆ ನಿನ್ನ ಕೈಲಾಗೋದಲ್ಲ."

ವಾಲ್ಟರನಿಗೆ ಸಿಟ್ಟು ಬಂತು. ಕಾಲಿನಿಂದ ಹೊದಿಕೆಯನ್ನು ಎತ್ತಿ ಎಸೆದ. "ಹಂಗಾದ್ರೆ ಇದೇನು?"

ಎಲ್ಲರೂ ನೋಡಿದರು. ಹಾಸಿಗೆಯ ಮೇಲೆ, ಕರಗಿದ ಹಿಮದ ಕೊಚ್ಚೆಯಲ್ಲಿ, ದೊಡ್ಡ ಎರಡು ಸ್ಕೀ ಬೂಟುಗಳು.

ಪಾಲಿ ಅಜ್ಜಿ ಸೆರಗಿಲ್ಲದ ಕಾರಣ ಹೆಣೆಯುತ್ತಿದ್ದ ಕಾಲುಚೀಲದಿಂದಲೇ ಕಣ್ಣೊರೆಸಿಕೊಂಡಳು. "ಆಸೆ ನೋಡಿ ನನ್ನ ಕಂದಂದು. ಏಳಕ್ಕಾಗಲ್ಲ, ಬೂಟು ಹಾಕ್ಕೊಂಡು ಮಲಗಿದಾನೆ."

ಡೆಲ್ಫೀನಳ ಕಣ್ಣಲ್ಲೂ ನೀರು. "ಒಂದು ವಾರ ರಜ. ಯಾರೂ ಮಾತಾಡ್ಬೇಡಿ," ಎಂದಳು. ಮೂವರೂ ಸೇರಿ, ಗಾಯಗೊಂಡ ಕುದುರೆಯ ಲಾಳ ಬಿಚ್ಚುವವರ ಹಾಗೆ, ಬಹಳ ಮೃದುವಾಗಿ ಅವನ ಬೂಟು ಬಿಚ್ಚಿದರು. ಬೆಳಗಿನ ಹೊತ್ತು ಪಾಲಿ ಅಜ್ಜಿ, ಸಂಜೆ ಗೇಬ್ರಿಯೆಲ್ ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ಕಿಟಕಿಯಿಂದ ಗಾಳಿ ಬರುತ್ತದೆಂದು ಗೇಬ್ರಿಯೆಲ್ ಅದಕ್ಕೆ ಮೊಳೆ ಹೊಡೆದ.

ಹೊರಡುವ ಹೊತ್ತಿಗೆ ಡೆಲ್ಫೀನ್ ಬಾಗಿಲಲ್ಲಿ ನಿಂತು, ನಾಚಿಕೊಂಡೇ ಹೇಳಿದಳು: "ಮೇವ್ ಫೋನ್ ಮಾಡಿದ್ಲು. ನಾಳೆ ನನಗೆ ಸೀಟು ಇದೆಯಂತೆ. ಮೇಲೆ ಮತ್ತೆ ಹಿಮ ಬೀಳ್ತಿದೆಯಂತೆ."

"ಹೋಗಿ ಬನ್ನಿ ಮೇಡಂ," ಎಂದ ವಾಲ್ಟರ್. ಹೃದಯದಿಂದಲೇ ಅಂದ. "ಸೀಡರ್ ಓಣೀಲಿ ಎಡಗಡೆ ಹಿಡೀರಿ. ಅಲ್ಲಿ ಹಿಮ ಮೆತ್ತಗಿದೆ."

"ಮತ್ತೆ ಶುರುವಾಯ್ತು," ಎಂದು ಗೇಬ್ರಿಯೆಲ್ ಅವಳನ್ನು ಕರೆದುಕೊಂಡು ಹೋದ.

ಪಾಲಿ ಅಜ್ಜಿ ದಿಂಬು ಸರಿಮಾಡಿ, ಬೋರ್ಷ್ ತುಂಬಿದ ಚಮಚವನ್ನು ಅವನ ಬಾಯಿಗೆ ಹಿಡಿದಳು. ಬಿಸಿಯಾಗಿ, ಸಬ್ಬಸಿಗೆಯ ಘಮಘಮದಲ್ಲಿ, ಬೆಣ್ಣೆ ತೇಲುತ್ತಿದ್ದ ಸಾರು. ಮೊಳೆ ಹೊಡೆದ ಕಿಟಕಿಯಾಚೆ ದಪ್ಪ ದಪ್ಪ ಹಿಮ ಇಳಿಯುತ್ತಿತ್ತು. ಈ ಹೊತ್ತಿಗೆ ಅದು ಮೇಲಿನ ಓಣಿಯಲ್ಲೂ ಬಿದ್ದು, ಆ ಗೆರೆಯನ್ನು ಒಂದೊಂದೇ ತಿರುವಾಗಿ ಮುಚ್ಚುತ್ತಿರಬೇಕು. ವಾಲ್ಟರ್ ಕಣ್ಣು ಮುಚ್ಚಿದ. ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಅವನ ತುಟಿ ತಾನಾಗಿಯೇ ಅರಳಿತು.

ಅಜ್ಜಿ ಚಮಚ ಕೆಳಗಿಟ್ಟು, ಮೆಲ್ಲಗೆ ಎದ್ದು ಹೋಗಿ ಫೋನು ಎತ್ತಿದಳು.

"ಗೇಬ್ರಿಯೆಲ್, ಬೇಗ ಬಾಪ್ಪ. ಒಬ್ಬೊಬ್ಬನೇ ನಗ್ತಿದಾನೆ."