ದ್ವೀಪದಲ್ಲಿ ಒಂದು ಮಾತಿಗೆ ಅರ್ಜಿ

ಜನಜಂಗುಳಿಯಿಂದ ದೂರವಿರುವ ಆ ಪುಟ್ಟ ದ್ವೀಪದ ಮೌನವನ್ನು ಕಾಪಾಡಲು ನೂರಾ ಹನ್ನೆರಡು ಮಂದಿ ನೌಕರರು ನೇಮಕವಾಗಿದ್ದರು. ಪ್ರವೇಶ ದಿನಕ್ಕೆ ಇಬ್ಬರು ಪ್ರವಾಸಿಗರಿಗೆ ಮಾತ್ರ. ಹೆಚ್ಚಾದರೆ ಗದ್ದಲವಾಗುತ್ತದೆ ಎಂಬುದು ಇಲಾಖೆಯ ನಿಲುವು.

ಹನ್ನೊಂದು ಜನರ ಮನೆಯ ಕಿರಿ ಸೊಸೆ ಇದನ್ನು ಕೇಳಿ ಗಂಡನನ್ನು ಹೊರಡಿಸಿಕೊಂಡು ಬಂದಳು. ಮದುವೆಯಾಗಿ ಆರು ವರ್ಷವಾದರೂ ಅವನೊಬ್ಬನಿಗೇ ಒಂದು ಮಾತು ಹೇಳಲು ಆಗಿರಲಿಲ್ಲ. ಗೋಡೆಗೂ ಕಿವಿ ಇದೆ ಅಂತಾರೆ; ಆ ಮನೆಯಲ್ಲಿ ಕಿವಿಗಳ ನಡುವೆ ಅಲ್ಲಲ್ಲಿ ಗೋಡೆಯಿತ್ತು. ಬಾಯಿ ತೆರೆದರೆ ಸಾಕು, ಅತ್ತೆ ಪ್ರತ್ಯಕ್ಷರಾಗುತ್ತಿದ್ದರು.

ದೋಣಿ ಇಳಿದು ಅವಳು "ರೀ..." ಅನ್ನುವಷ್ಟರಲ್ಲಿ ಗುಮಾಸ್ತನೊಬ್ಬ ಓಡಿಬಂದ.

"ಮೇಡಂ, ಮಾತಿಗೆ ಅರ್ಜಿ ಹಾಕಿದೀರಾ?"

"ಅಯ್ಯೋ, ಮಾತಿಗೂ ಅರ್ಜೀನಾ?"

"ಮತ್ತೆ? ಬಂದವರೆಲ್ಲ ಬಾಯಿಗೆ ಬಂದ ಹಾಗೆ ಮಾತಾಡಿದ್ರೆ ಮೌನದ ಗತಿ ಏನು?"

ನಮೂನೆಯಲ್ಲಿ 'ಆಡಲಿರುವ ಮಾತು' ಎಂಬ ಕಾಲಂ ಇತ್ತು. ಅವಳು ಗಟ್ಟಿ ಮನಸ್ಸು ಮಾಡಿ ಬರೆದಳು: 'ನಾವಿಬ್ಬರೂ ಬೇರೆ ಮನೆ ಮಾಡೋಣ.' ನಿಯಮದಂತೆ, ಕೇಳಲಿರುವ ವ್ಯಕ್ತಿ ಮಾತನ್ನು ಮುಂಚಿತವಾಗಿ ತಿಳಿಯತಕ್ಕದ್ದಲ್ಲ. ಆದ್ದರಿಂದ ಗಂಡನ ಕಿವಿಗೆ ಹತ್ತಿ ತುರುಕಿ ಸಮುದ್ರದ ಕಡೆ ಮುಖ ಮಾಡಿ ಕೂರಿಸಲಾಯಿತು. ಅವನು ಬಹಳ ವರ್ಷಗಳ ಮೇಲೆ ಹಾಯಾಗಿದ್ದ. ಇನ್ನು, ಮಾತಿನಿಂದ ಬಾಧಿತರಾಗುವವರೆಲ್ಲರ ಒಪ್ಪಿಗೆ ಪತ್ರ ಕಡ್ಡಾಯ. ಇಲಾಖೆಯೇ ದೋಣಿ ಕಳಿಸಿ ಮನೆಯ ಉಳಿದ ಒಂಬತ್ತೂ ಜನರನ್ನು ಕರೆಸಿತು. ಅತ್ತೆ ದೋಣಿ ಇಳಿಯುವುದನ್ನು ಕಂಡು ಸೊಸೆ ಸೆರಗು ಸರಿಮಾಡಿಕೊಂಡಳು.

ಅತ್ತೆ ಅರ್ಜಿ ಓದಿದರು. ದನಿ ಏರಿಸಲಿಲ್ಲ. ಸೊಸೆಯ ಕೋಳಿಕಾಲಿನ ಅಕ್ಷರದಿಂದ ಹಿಡಿದು ಅವಳ ತವರಿನವರ ನಡತೆಯವರೆಗೆ, ಪಿಸುದನಿಯಲ್ಲೇ ಮೂವತ್ತೊಂದು ತಕರಾರು ಎತ್ತಿದರು. ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಇಲಾಖೆಯ ನಿರ್ದೇಶಕರ ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಹದಿನೈದು ವರ್ಷದಿಂದ ಇಂಥವರನ್ನೇ ಹುಡುಕ್ತಿದ್ದೆ," ಎಂದರು.

ಅಂದೇ ಆದೇಶ ಹೊರಟಿತು: ಅತ್ತೆ ಮುಖ್ಯ ಆಕ್ಷೇಪಣಾಧಿಕಾರಿ, ಖಾಯಂ; ವಾಸ ದ್ವೀಪದಲ್ಲೇ. ಅವರಿಗೆ ಅಡುಗೆ ಮಾಡಲು, ಕಾಲೊತ್ತಲು, ಹೂಂಗುಟ್ಟಲು ಎಂದು ಉಳಿದ ಎಂಟು ಮಂದಿಯೂ ನೇಮಕಗೊಂಡರು. ನೌಕರರ ಸಂಖ್ಯೆ ನೂರಾ ಇಪ್ಪತ್ತೊಂದಾಗಿ ಮೌನ ಇನ್ನಷ್ಟು ಭದ್ರವಾಯಿತು.

ಸೊಸೆಗೆ ಹಿಂಬರಹ ಬಂತು: 'ಕೋರಿದ ವಿಷಯವು ಈಗಾಗಲೇ ಜಾರಿಯಾಗಿರುವುದರಿಂದ ಮಾತನಾಡುವ ಅಗತ್ಯ ಕಂಡುಬರುವುದಿಲ್ಲ. ಅನುಮತಿ ನಿರಾಕರಿಸಲಾಗಿದೆ.'

ಸಂಜೆ ಇಬ್ಬರೇ ಮನೆ ಸೇರಿದರು. ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಗಂಡ ಖಾಲಿ ಹಜಾರದಲ್ಲಿ ಕುಳಿತು ಕೇಳಿದ:

"ಏನೋ ಹೇಳ್ಬೇಕು ಅಂತಿದ್ದೆಯಲ್ಲ, ಏನೇ ಅದು?"

ಅವಳು ಸುತ್ತ ನೋಡಿದಳು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

"ಪರ್ಮಿಷನ್ ಸಿಗ್ಲಿಲ್ಲ ರೀ," ಎಂದಳು.

"ಹಾಗಾದ್ರೆ ಬೇಡ ಬಿಡು," ಎಂದ ಗಂಡ. "ಸುಮ್ನೆ ಯಾಕೆ ತಾಪತ್ರಯ."