ನಮ್ಮ ಮಾವ ಪ್ರೊಜೆಕ್ಟರ್ ಕೊಂಡದ್ದು

ಕಣ್ಣು ಮುಚ್ಚಿಕೊಂಡು ಪ್ರೊಜೆಕ್ಟರ್ ಆರಿಸಿ ಕೊಳ್ಳುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಗ್ರಹಚಾರ, ಅವರು ನನ್ನ ಸೋದರಮಾವ!

ಕಣಕಟ್ಟೆಯ ಮನೆಯಲ್ಲಿ ಮಾವ, ಅತ್ತೆ ಪ್ರತಿ ಭಾನುವಾರ ಮಧ್ಯಾಹ್ನ ನಡುಮನೆಯ ಕಿಟಕಿ ಮುಚ್ಚಿ, ಗೋಡೆ ತುಂಬ ಹಳೇ ಸಿನಿಮಾ ಬಿಟ್ಟುಕೊಂಡು ಕೂರುತ್ತಾರೆ. ಅತ್ತೆಗೆ ಅದೇ ವಾರದ ಹಬ್ಬ. ಹಳೇ ಪ್ರೊಜೆಕ್ಟರ್ ಸುಟ್ಟುಹೋದ ಮೇಲೆ ಮೂರು ಭಾನುವಾರ ಗೋಡೆ ಬೋಳಾಗಿಯೇ ಇತ್ತು. ಅತ್ತೆ ಊಟಕ್ಕೆ ಬಡಿಸಿ, ಮಾತಿಲ್ಲದೆ ಒಳಗೆ ಹೋಗಿ ಮಲಗುತ್ತಿದ್ದರು. ನಾಲ್ಕನೆಯದು ಹಾಗಾಗಬಾರದೆಂದು ಶನಿವಾರ ಬೆಳಗ್ಗೆಯೇ ಮಾವ ನನ್ನನ್ನು ಹೊರಡಿಸಿದರು.

"ನೀನು ಓದಿದೋನು, ಬಾರ್ಲಾ" ಎಂದರು. ಓದಿದವನ ಮಾತನ್ನು ಕೇಳಿದರೇ? ಆ ದೇವರೇ ಬಲ್ಲ!

ಅರಸೀಕೆರೆಯ ಅಂಗಡಿಯಲ್ಲಿ ಪ್ರೊಜೆಕ್ಟರ್ ಕೈಗೆ ಬಂದದ್ದೇ ತಡ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಬಿಟ್ಟರು. ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವ ಕೈ ಅದು. ಕಲ್ಲಂಗಡಿ, ಕೈಗಡಿಯಾರ, ಕೊನೆಗೆ ನನ್ನ ಹೊಸ ಫೋನನ್ನೂ ಬಿಟ್ಟಿಲ್ಲ!

"ಅಯ್ಯೋ ಯಜಮಾನ್ರೇ, ಅದೇನು ತೆಂಗಿನಕಾಯಾ?" ಅಂಗಡಿಯವನು ಹೌಹಾರಿದ.

"ಗೊತ್ತು ಕಣಪ್ಪ. ಕಾಯಾಗಿದ್ರೆ ಸದ್ದು ಮಾಡ್ಬೇಕು. ಇದು ಮಾಡ್ಬಾರ್ದು."

ಪಾಪ, ಅವನು ಗೋಡೆಯ ಮೇಲೆ ನವಿಲಿನ ಚಿತ್ರ ಬಿಟ್ಟ. ಗರಿ ಎಣಿಸಬಹುದಿತ್ತು! ಮಾವ ಕಣ್ಣು ಮುಚ್ಚಿ ಪೆಟ್ಟಿಗೆಗೆ ಕಿವಿ ಹಚ್ಚಿದರು. "ಫ್ಯಾನು ಗುಂಯ್ ಅಂತೈತೆ. ಬ್ಯಾಡ."

"ನೋಡಿ ಹೇಳಿ ಮಾವ!"

"ನೋಡೋದೇನೈತೋ? ಚಿತ್ರ ಎಲ್ಲಾದ್ರಾಗೂ ಬತ್ತೈತೆ."

ನನಗೆ ಪಿತ್ತ ನೆತ್ತಿಗೇರಿತು. ಹೀಗೆ ಮೂರು ಅಂಗಡಿಯಲ್ಲಿ ಮಾನ ಕಳೆದುಕೊಂಡು, ಹಳೇಬೀಡಿನಲ್ಲಿ ಮದುವೆ ವಿಡಿಯೊ ತೆಗೆಯುವವರ ಸ್ಟುಡಿಯೊದಲ್ಲಿ ಹೊಸದೊಂದು ಮಾರಾಟಕ್ಕಿದೆಯೆಂದು ಕೇಳಿ ಅಲ್ಲಿಗೆ ಹೋದೆವು. ಗೋಡೆಯ ಮೇಲೆ ಯಾರದೋ ಮದುವೆಯ ಹೆಣ್ಣು ಮೂಡಿದಳು. ಮಾವ ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ, ಗೋಡೆಗೆ ಒಂದು ಗೇಣಿನಷ್ಟು ಹತ್ತಿರ ನಿಂತರು. ಊರೂರಿಂದ ಇಲ್ಲಿಗೆ ಶಿಲ್ಪ ನೋಡಲು ಬರುವವರೂ ಅಷ್ಟು ಹತ್ತಿರ ನಿಲ್ಲುವುದಿಲ್ಲ!

"ಇನ್ನೂ ದೊಡ್ಡದು ಮಾಡಪ್ಪ. ಮೂಗು ನನ್ನ ಅಂಗೈಯಷ್ಟಾಗ್ಲಿ."

ಆಯಿತು. ಇನ್ನೇನು ಕೊಳ್ಳುತ್ತಾರೆ ಎಂದುಕೊಂಡರೆ, ಪಕ್ಕದಲ್ಲೇ ಹಿಟ್ಟಿನ ಗಿರಣಿ! ಅದರ ಗದ್ದಲದಲ್ಲಿ ಫ್ಯಾನಿನ ಸದ್ದು ಕೇಳುವುದಿಲ್ಲವಂತೆ. "ಮಿಲ್ ನಿಲ್ಲೋಗಂಟ ಕೂತಿರ್ತೀನಿ" ಎಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ರಾಗಿ ಚೀಲಗಳ ಸಾಲು ನೋಡಿ ನನ್ನ ಜೀವ ಬಾಯಿಗೆ ಬಂತು.

"ನಾಳೆ ಭಾನುವಾರ ಮಾವ! ನಿಮ್ಮ ಹುಚ್ಚಿಗೆ ಅತ್ತೆ ಮತ್ತೆ ಬೋಳು ಗೋಡೆ ನೋಡಬೇಕಾ?"

ಮಾವ ಜಗಲಿಯ ಮೇಲೆ ಒಂದಿಷ್ಟು ಸರಿದು ನನಗೂ ಜಾಗ ಬಿಟ್ಟರು.

"ನಿಮ್ಮತ್ತೆಗೆ ಕಣ್ಣು ಕಾಣಾಕಿಲ್ಲ ಕಣೋ. ಡಾಕ್ಟ್ರು ಇನ್ನು ಇಷ್ಟೇ ಅಂದವ್ರೆ. ಗೋಡೆ ತುಂಬ ಮುಖ ಬಂದ್ರೆ ಒಸಿ ಗುರ್ತು ಹಿಡೀತಾಳೆ. ಮಿಕ್ಕಿದ್ದು ಮಾತು ಕೇಳ್ಕಂಡು ತಿಳ್ಕತಾಳೆ. ಫ್ಯಾನು ಗುಂಯ್ ಅಂದ್ರೆ ಅದೂ ಹೋಯ್ತು. ಯಾರ್ಗೂ ಹೇಳ್ಬ್ಯಾಡಿ ಅಂದಿದ್ಲು. ಹುಚ್ಚ ಅಂದ್ರೆ ನನ್ನೇ ಅನ್ಲಿ ಬಿಡು."

ಇದನ್ನು ಅರಸೀಕೆರೆಯಲ್ಲೇ ಹೇಳಬಾರದಿತ್ತೇ! ಮೂರು ಅಂಗಡಿಯಲ್ಲಿ ಅವರ ಮೇಲೆ ರೇಗಿದೆನಲ್ಲ! ನಾನೂ ಜಗಲಿಯ ಮೇಲೆ ಕೂತೆ. ಕೊನೆಯ ಚೀಲ ಮುಗಿದು ಗಿರಣಿ ನಿಂತಾಗ, ಒಳಗೆ ಹೋಗಿ ನಾನೇ ಪೆಟ್ಟಿಗೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದೆ. ಸದ್ದಿಲ್ಲ.

"ಇದೇ ಇರ್ಲಿ ಮಾವ" ಎಂದೆ.

ಮರುದಿನ ಗೋಡೆಯ ತುಂಬ ನಾಯಕಿಯ ಮುಖ ಬಂತು. ಇನ್ನೂ ಒಂದು ಮಾತೂ ಹೊರಟಿರಲಿಲ್ಲ. ಅತ್ತೆ ಮುಂದಕ್ಕೆ ಬಾಗಿ, "ನಗ್ತಾವ್ಳೆ ಅಲ್ವೇನ್ರೀ?" ಎಂದರು.

"ಹೂಂ ಕಣೇ, ನಗ್ತಾವ್ಳೆ."

ಎರಡು ಊರು ಅಲೆಸಿ ತಂದ ಪ್ರೊಜೆಕ್ಟರಿನ ಚಿತ್ರವನ್ನು ಆಗಲೂ ಆ ಮನುಷ್ಯ ನೋಡಲಿಲ್ಲ! ಅತ್ತೆಯ ಮುಖವನ್ನೇ ನೋಡುತ್ತ ಕೂತಿದ್ದರು.