ಕರೆಂಟು ಹೋದೊಡನೆ ಎಲ್ಲ ಮರೆಯುವ ರೂಟರ್ ಮಹಾಶಯರಿಗೆ

ಮಾನ್ಯ ರೂಟರ್ ಮಹಾಶಯರೇ,

ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಜೋಳದ ಹಿಟ್ಟಿನ ಡಬ್ಬಿಗೂ ಶೇಂಗಾ ಚಟ್ನಿಯ ಭರಣಿಗೂ ನಡುವೆ ವಿರಾಜಮಾನರಾಗಿರುವ ತಮಗೆ, ಅದೇ ಅಡುಗೆಮನೆಯ ಸೊಸೆಯಾದ ದೀಪಾಲಿಯ ಅನಂತ ನಮಸ್ಕಾರಗಳು. ತಮ್ಮ ಹಸಿರು ದೀಪಗಳು ಎಂದಿನಂತೆ ಮಿನುಗುತ್ತಿದ್ದು, ತಾವು ಕ್ಷೇಮವಾಗಿರುವುದು ಒಲೆಯ ಮುಂದೆ ಕೂತೇ ಕಾಣುತ್ತಿರುವುದರಿಂದ, ಕುಶಲ ವಿಚಾರಿಸುವ ಪದ್ಧತಿ ಬಿಟ್ಟು ನೇರವಾಗಿ ದೂರಿಗೆ ಬರುತ್ತೇನೆ. ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದೇಕೆಂದರೆ, ತಮಗೆ ಖಾಸಗಿಯಾಗಿ ಹೇಳಿದ ಯಾವ ಮಾತೂ ತಮ್ಮ ತಲೆಯಲ್ಲಿ ನಿಂತದ್ದಿಲ್ಲ.

ಓದುಗರಿಗೆ ತಮ್ಮ ಪರಿಚಯ ಮಾಡಿಕೊಡಬೇಕು. ಒಂದು ಕಂಪ್ಯೂಟರಿನ ಮಾತು ಇನ್ನೊಂದಕ್ಕೆ ಯಾವ ದಾರಿಯಿಂದ ಹೋಗಬೇಕೆಂದು ತೋರಿಸುವ ಯಂತ್ರ ತಾವು. ಪುಣೆಯ ಯಾವುದೋ ಕಚೇರಿಯಲ್ಲಿ ಸೇವೆ ಮುಗಿಸಿ ನಿವೃತ್ತರಾದ ತಮ್ಮನ್ನು ನನ್ನ ಯಜಮಾನರಾದ ಈಶ್ವರ ಅವರು, ದ್ರಾಕ್ಷಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ, ಕ್ರೇಟಿನೊಳಗೆ ಹಳೆಯ ಪೇಪರು ತುರುಕಿ, ಹಣ್ಣಿಗಿಂತ ಹೆಚ್ಚು ಜೋಪಾನವಾಗಿ ಕಾಗವಾಡಕ್ಕೆ ಕರೆತಂದರು. ನಮ್ಮ ಮನೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ; ತಾವು ಮಾತ್ರ ಎರಡಕ್ಕೂ ಜಗ್ಗದೆ, ನಾನು ಟೈಪ್ ಮಾಡುವ ಇಂಗ್ಲಿಷಿಗಷ್ಟೇ ಉತ್ತರ ಕೊಡುತ್ತ ಬಂದಿದ್ದೀರಿ. ದೊಡ್ಡ ಊರಿನಲ್ಲಿದ್ದು ಬಂದವರಿಗೆ ಅಷ್ಟು ಬಿಗುಮಾನ ಇರಲಿ ಎಂದು ಸುಮ್ಮನಿದ್ದೆ.

ತಮ್ಮನ್ನು ಕರೆತಂದದ್ದಕ್ಕೆ ಕಾರಣವಿತ್ತು. ಹತ್ತಿರದ ಸಕ್ಕರೆ ಕಾರ್ಖಾನೆಯವರು ಕಬ್ಬು ತೂಗುವ ಕಾಟಾಗಳನ್ನೆಲ್ಲ ಆಫೀಸಿನ ಕಂಪ್ಯೂಟರಿಗೆ ಜೋಡಿಸಿದ್ದು, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕೆಂದೂ, ಆದರೆ ಅವರು ನೆಟ್‌ವರ್ಕಿಂಗ್ ಪ್ರಾಯೋಗಿಕ ಪರೀಕ್ಷೆಯ ಸರ್ಟಿಫಿಕೇಟು ಹಿಡಿದುಕೊಂಡು ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲೇ ಬರಬೇಕೆಂದೂ ಹೇಳಿದ್ದರು. ಡಿಪ್ಲೊಮಾ ಮುಗಿಸಿ ಮದುವೆಯಾಗಿ ಬಂದ ನನ್ನ ಕೈಯಲ್ಲಿ ಓದಿದ್ದೆಲ್ಲ ತುಕ್ಕು ಹಿಡಿಯುತ್ತಿತ್ತು. ಆ ನೌಕರಿ ನನಗೆ ಬೇಕೇ ಬೇಕಿತ್ತು, ಪರೀಕ್ಷೆಯ ಅಭ್ಯಾಸಕ್ಕೆ ತಾವು ಬೇಕಾಗಿದ್ದಿರಿ. ಮಾವನವರಾದ ರಾವಸಾಹೇಬರು ಬೇಡವೆನ್ನಲಿಲ್ಲ. ಪಾಸಾದರೆ ಕಾರ್ಖಾನೆ, ನಪಾಸಾದರೆ ದ್ರಾಕ್ಷಿ ಬಳ್ಳಿ ಸವರುವ ಛಾಟಣಿಗೆ ಬರುವ ಆಳುಗಳ ಉಸ್ತುವಾರಿ, ಆಮೇಲೆ ಆ ಮಾತು ಎತ್ತುವಂತಿಲ್ಲ ಎಂದು ತೀರ್ಪು ಕೊಟ್ಟು ತೋಟಕ್ಕೆ ಹೋದರು.

ಈಗ ದೂರು. ನಾನು ತಮಗೆ ಕಲಿಸಿದ್ದೆಲ್ಲವನ್ನೂ ತಾವು ಶಾಂತಚಿತ್ತರಾಗಿ ಕೇಳಿಸಿಕೊಳ್ಳುತ್ತೀರಿ, ಒಪ್ಪಿಕೊಳ್ಳುತ್ತೀರಿ, ಅದರಂತೆ ನಡೆಯುತ್ತೀರಿ. ಆದರೆ 'ಇದನ್ನು ಬರೆದಿಟ್ಟುಕೋ' ಎಂಬ ಆಜ್ಞೆಯನ್ನು ಬೇರೆಯಾಗಿ ಕೊಡದಿದ್ದರೆ, ಕರೆಂಟು ಹೋದ ಕ್ಷಣವೇ ಎಲ್ಲ ಮರೆತು, ಮರಳಿ ಎದ್ದಾಗ ನನ್ನ ಮುಖವನ್ನೇ ಕಂಡಿಲ್ಲದವರಂತೆ ಮೊದಲಿನಿಂದ ಹೆಸರು ಕೇಳುತ್ತೀರಿ. ಇಂಥ ನಿರ್ಮಲ ಮನಸ್ಸನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನನ್ನ ಮದುವೆಯ ಊಟದಲ್ಲಿ ಬದನೆಕಾಯಿ ಪಲ್ಲೆ ಕಡಿಮೆ ಬಿದ್ದದ್ದನ್ನು ಇಂದಿಗೂ ನೆನಪಿಟ್ಟಿರುವ ನಮ್ಮ ಬಂಧುಬಳಗಕ್ಕೆ ತಾವು ಈ ವಿದ್ಯೆಯನ್ನು ಕಲಿಸಿಕೊಡುವುದಾದರೆ, ಒಬ್ಬೊಬ್ಬರನ್ನಾಗಿ ಕರೆದು ತಮ್ಮೆದುರು ಕೂರಿಸಲು ಸಿದ್ಧಳಿದ್ದೇನೆ.

ಮೊದಲೇ ಬರೆಸಿಡಬಾರದಿತ್ತೇ ಎಂದು ತಾವು ಕೇಳಬಹುದು. ತಪ್ಪಿದ್ದನ್ನು ಬರೆಸುವುದು ಬೇಡ, ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಒಂದೇ ಸಲ ಬರೆಸೋಣ ಎಂದು ನಾನು ಕಾಯುತ್ತಿದ್ದೆ. ನಮ್ಮ ತೋಟದ ಮನೆಯಲ್ಲಿ ಕಾಯುವುದು ಎಂಥ ಕೆಲಸವೆಂದು ತಮಗೂ ಗೊತ್ತು. ತ್ರೀ ಫೇಸ್ ಬಂತೆಂದರೆ ಮಾವನವರು ಬಾವಿಯ ಮೋಟರು ಚಾಲೂ ಮಾಡುತ್ತಾರೆ. ಅದು ಗುರ್ರೆಂದ ಕೂಡಲೇ ಮನೆಯ ದೀಪಗಳೆಲ್ಲ ಕಣ್ಣು ಮುಚ್ಚಿ ತೆರೆಯುತ್ತವೆ, ಅಷ್ಟಕ್ಕೇ ತಾವು ಮೂರ್ಛೆ ಹೋಗುತ್ತೀರಿ. ಅತ್ತೆಯವರಾದ ಸೋನಾಬಾಯಿಯವರು, ಹಿಂದೊಮ್ಮೆ ಸಿಡಿಲಿಗೆ ಟಿ.ವಿ. ಸುಟ್ಟದ್ದರಿಂದ, ದೂರದಲ್ಲಿ ಗುಡುಗಿದರೂ ಮೇನ್ ಸ್ವಿಚ್ ಕೆಳಗೆ ಎಳೆಯುತ್ತಾರೆ. ತಮಗಾಗಿಯೇ ತಂದಿದ್ದ ಯುಪಿಎಸ್ಸಿನ ಬ್ಯಾಟರಿಯನ್ನು ಯಜಮಾನರು ಔಷಧ ಹೊಡೆಯುವ ಪಂಪಿಗೆ ಕಟ್ಟಿದ್ದಾರೆ. ಆದಕಾರಣ ತಾವು ಇನ್ನು ಮುಂದೆ ನಮ್ಮ ಮಾವನವರ ಹೆಜ್ಜೆಯ ಸಪ್ಪಳವನ್ನು ಗುರುತಿಸಿ, ಅವರು ಬಾವಿಯ ಕಡೆ ಹೊರಟೊಡನೆ ನನ್ನನ್ನು ಕೂಗಿ ಕರೆಯಬೇಕೆಂದೂ, ಆಕಾಶವನ್ನು ಆಗಾಗ ನೋಡಿಕೊಂಡಿರಬೇಕೆಂದೂ ವಿನಂತಿ.

ದಸರೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬನ್ನಿ ಕೊಡುವ ಹಬ್ಬದ ಮರುದಿನವೇ ಬೆಳಗಾವಿಯಲ್ಲಿ ಪರೀಕ್ಷೆ. ಹಬ್ಬದ ಹಿಂದಿನ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಮನೆಯ ಹತಾರಗಳನ್ನೆಲ್ಲ, ಎಂದರೆ ದುಡಿಮೆಯ ಸಲಕರಣೆಗಳನ್ನೆಲ್ಲ, ತೊಳೆದು ಪೂಜೆಗೆ ಕೂರಿಸಿದರೆ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಪಾಟು ಖಾಲಿ. ತಾವು ಕುಡಗೋಲು, ಛಾಟಣಿಯ ಕತ್ತರಿ, ಔಷಧದ ಪಂಪುಗಳ ಸಾಲಿನಲ್ಲಿ, ಹಣೆ ತುಂಬ ಕುಂಕುಮ, ಮೈತುಂಬ ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಶಿನ ಹಚ್ಚಿಸಿಕೊಂಡು ಹಳದಿಯಾಗಿ ಕೂತಿದ್ದಿರಿ. ವೈರು ಚುಚ್ಚುವ ಕಿಂಡಿಗಳಿಗೂ ಅತ್ತೆಯವರು ಕೈ ಬಿಗಿಹಿಡಿಯದೆ ಭಂಡಾರ ತುಂಬಿದ್ದರು. ನಾನು ಅಳುವುದೊಂದು ಬಾಕಿ. ಇದನ್ನೇಕೆ ಇಟ್ಟಿರಿ, ನಾಡಿದ್ದು ಪರೀಕ್ಷೆ ಇದೆಯಲ್ಲ ಎಂದು ಕೇಳಿದೆ. ಅಲ್ಲಿಯವರೆಗೆ ತಮ್ಮನ್ನು 'ಡಬ್ಬಿ' ಎಂದಲ್ಲದೆ ಬೇರೆ ಹೆಸರಿನಿಂದ ಕರೆಯದಿದ್ದ ಅತ್ತೆಯವರು ಊದಿನಕಡ್ಡಿ ಹಚ್ಚುತ್ತ ಹೇಳಿದರು: "ಇದೂ ನಮ್ಮ ಮನ್ಯಾಗಿನ ಹತಾರನ ಐತೆವಾ. ಎಲ್ಲಾರದೂ ಇಟ್ಟು ನಿಂದೊಂದ ಹೆಂಗ ಬಿಡ್ಲಿ?"

ನಾನು ಈ ಮನೆಗೆ ಬಂದ ಮೇಲೆ ನನ್ನ ಓದಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು, ಮತ್ತು ಅದರಿಂದಲೇ ನನ್ನ ಪರೀಕ್ಷೆ ಮುಳುಗುವಂತಿತ್ತು.

ಮುಟ್ಟಲು ತಾವಿಲ್ಲದ್ದರಿಂದ ಬಾಯಲ್ಲೇ ಅಭ್ಯಾಸ ಮಾಡುತ್ತ ಹೋಳಿಗೆ ಬೇಯಿಸಲು ಕೂತೆ. ಮನಸ್ಸೆಲ್ಲ ತಮ್ಮ ಕಡೆಗಿತ್ತು. ಬೆಂದ ಹೋಳಿಗೆಯನ್ನು ದೊಡ್ಡ ಹೆಂಚಿನ ಅಂಚಿಗೆ ಸರಿಸುತ್ತ, ಎಲ್ಲವನ್ನೂ ಒಂದೇ ಸಲ ಬುಟ್ಟಿಗೆ ಹಾಕೋಣವೆಂದುಕೊಂಡಿದ್ದೆ. ಅಂಚಿನಲ್ಲಿದ್ದವೆಲ್ಲ ಸೀದು ಕರ್ರಗಾದವು. ಅತ್ತೆಯವರು ಸಿಟ್ಟು ಮಾಡದೆ ಪಕ್ಕದಲ್ಲಿ ಕೂತು, "ಎಲ್ಲಾ ಆಗೂತನಾ ಯಾಕ ಕಾಯ್ತಿ? ಆದದ್ದು ಆದಂಗ ತಗದಿಡು" ಎಂದರು. ಆಮೇಲೆ ಪ್ರತಿ ಹೋಳಿಗೆ ಬುಟ್ಟಿಗೆ ಬಿದ್ದಾಗಲೂ ನಾನು 'ಬರೆದಿಟ್ಟುಕೋ' ಆಜ್ಞೆಯನ್ನು ಒಮ್ಮೆ ಹೇಳಿಕೊಂಡೆ. ಹೋಳಿಗೆ ಮುಗಿಯುವಷ್ಟರಲ್ಲಿ ಅದು ಬಾಯಿಗೆ ಕೂತುಬಿಟ್ಟಿತ್ತು.

ಬೆಳಗಾವಿಯಲ್ಲಿ ತಮ್ಮ ಅಣ್ಣತಮ್ಮಂದಿರು ಹವಾನಿಯಂತ್ರಿತ ಕೋಣೆಯಲ್ಲಿ ಸಾಲಾಗಿ ಕೂತಿದ್ದರು, ಒಬ್ಬರಿಗೂ ಭಂಡಾರವಿರಲಿಲ್ಲ. ಕೊಟ್ಟ ಜೋಡಣೆಯನ್ನು ಎಲ್ಲರೂ ಮುಗಿಸಿದೆವು. ನನಗಿಂತ ಬೇಗ ಮುಗಿಸಿ ಕೈಕಟ್ಟಿ ಕೂತವರು ಬಹಳ ಜನರಿದ್ದರು. ಆಗ ಪರೀಕ್ಷಕರು ಗೋಡೆಯ ಕಡೆ ನಡೆದು, ಎಲ್ಲರ ಕರೆಂಟನ್ನೂ ಒಮ್ಮೆ ತೆಗೆದು ಮತ್ತೆ ಹಾಕಿದರು. ಎದ್ದ ಮೇಲೆ ಯಾವುದಕ್ಕೆ ಎಷ್ಟು ನೆನಪಿದೆಯೋ ಅಷ್ಟಕ್ಕೇ ಅಂಕವಂತೆ. ಸುತ್ತ ಒಬ್ಬೊಬ್ಬರ ಮುಖ ಬಿಳಿಚಿಕೊಂಡಿತು. ಹೋಳಿಗೆಯ ಲೆಕ್ಕದಲ್ಲಿ ಆದದ್ದು ಆದಂತೆ ಬರೆಸಿಟ್ಟಿದ್ದ ನನಗೆ ಮಾತ್ರ ಸ್ವಂತ ಮನೆಯಲ್ಲಿದ್ದಂತೆ ಅನಿಸಿತು.

ಪಾಸಾಗಿದ್ದೇನೆ. ಮುಂದಿನ ವಾರ ಕಾರ್ಖಾನೆಯ ಹಂಗಾಮು, ನನ್ನದೂ ಶುರು. ಆದರೂ ಈ ದೂರನ್ನು ಹಿಂತೆಗೆದುಕೊಳ್ಳುವುದಿಲ್ಲ. ತಮ್ಮ ದೆಸೆಯಿಂದ ಅಂಟಿದ ಸಂಶಯ ಬುದ್ಧಿಯಿಂದಾಗಿ ನಾನೀಗ ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಪದೇಪದೇ ಮುಚ್ಚಳ ತೆಗೆದು ನೋಡುವಂತಾಗಿದೆ. ಇದಕ್ಕೆ ತಾವೇ ಪರಿಹಾರ ಸೂಚಿಸಬೇಕು.

ತಾವು ಎಷ್ಟು ಸಲ ಮರೆತರೂ ಮತ್ತೆ ಪರಿಚಯ ಮಾಡಿಕೊಳ್ಳಲು ಬೇಸರಿಸದ, ತಮ್ಮ ವಿಶ್ವಾಸಿ,

ದೀಪಾಲಿ ಈಶ್ವರ ಮಗದುಮ್
ತೋಟದ ಮನೆ, ಮಂಗಸೂಳಿ ರಸ್ತೆ, ಕಾಗವಾಡ, ತಾ. ಅಥಣಿ
ನವೆಂಬರ್ ೨೦೧೨

ತಾ.ಕ.: ನಿನ್ನೆ ಸಂಜೆ ಗುಡುಗಿತು. ಅತ್ತೆಯವರು ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತು, "ದೀಪಾಲಿ, ನಿನ್ನ ಹತಾರ ಬರಕೊಂಡೈತೇನ? ಕರೆಂಟ್ ತಗೀಲಿ?" ಎಂದು ಕೇಳಿದರು. ಒಂದು ದಸರೆ ಕಳೆಯುವಷ್ಟರಲ್ಲಿ ಅವರು ಕಲಿತದ್ದು ತಮಗೆ ಪುಣೆಯಲ್ಲಿ ಅಷ್ಟು ವರ್ಷ ಸೇವೆ ಮಾಡಿದರೂ ಹತ್ತಲಿಲ್ಲವಲ್ಲ ಎಂಬುದನ್ನು ದಯವಿಟ್ಟು, ಈ ಒಂದನ್ನಾದರೂ, ಬರೆದಿಟ್ಟುಕೊಳ್ಳಬೇಕು.